ನೂರ ಎಪ್ಪತ್ತೇಳನೆಯ ಪುಟದ ಮುದುಕ

ಲೈಬ್ರರಿಯ ಬೈಂಡರನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿರಲಿಲ್ಲ. ದಿನವಿಡೀ ರಟ್ಟು ಕತ್ತರಿಸುವವನಾದ್ದರಿಂದ ಊರೆಲ್ಲ ಅವನನ್ನು ರಟ್ಟಪ್ಪ ಎಂದೇ ಕರೆಯುತ್ತಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಇಪ್ಪತ್ತಾರು ವರ್ಷಗಳಲ್ಲಿ ಅವನ ಕೈಯಿಂದ ಹಾದುಹೋದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಲೈಬ್ರರಿಯ ಚಾವಣಿ ಯಾವತ್ತೋ ಕಿತ್ತುಹೋಗುತ್ತಿತ್ತು. ಅವುಗಳಲ್ಲಿ ಓದಿದ್ದೆಷ್ಟಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ಅವನಿಗೆ ಅಂಟಿನ ಡಬ್ಬಿಗೆ ಮುಚ್ಚಳ ಹಾಕುವ ತುರ್ತು ಕೆಲಸ ನೆನಪಾಗುತ್ತಿತ್ತು.

ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ ಬಿಡಿ. ಅವನ ಪಾಲಿಗೆ ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಕಟ್ಟುಗಳು. ಕಸುಬಿನವರು ಅದನ್ನು ಫಾರಂ ಎನ್ನುತ್ತಾರೆ. ಹರಿದ ಪುಸ್ತಕವನ್ನು ಫಾರಂ ಫಾರಂ ಆಗಿ ಬಿಚ್ಚಬೇಕು, ಬೆನ್ನು ಒರೆಸಬೇಕು, ಸಾಲಾಗಿ ಜೋಡಿಸಿ ಮತ್ತೆ ಹೊಲಿಯಬೇಕು. ಪುಟದ ಕೆಳಗಿನ ಅಂಕಿ ಸರಿಯಾಗಿದ್ದರೆ ಪುಸ್ತಕ ಸರಿಯಾಗಿದೆ. ಅಂಕಿಯ ಮೇಲೆ ಲೇಖಕ ಏನು ಗೀಚಿಕೊಂಡಿದ್ದಾನೆ ಎಂಬುದು ಆ ಲೇಖಕನಿಗೂ ಅವನ ಮನೆಯವರಿಗೂ ಬಿಟ್ಟ ವಿಷಯ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಪುಟ ಹಿಂದುಮುಂದಾಗಿಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆಯನ್ನು ಅವನು ವಾರಕ್ಕೊಮ್ಮೆ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ, ಹೆಂಡತಿ ವಾರಕ್ಕೊಮ್ಮೆ ಆಕಳಿಸುತ್ತಿದ್ದಳು.

ಅವನಿಗಿದ್ದ ಕಷ್ಟವೇ ಬೇರೆ. ಹದಿನೈದು ತುಂಬಿದ ದಿನದಿಂದ ಮಗಳು ಅವನ ಜೊತೆ ಮಾತು ಬಿಟ್ಟಿದ್ದಳು. ಜಗಳವೇನೂ ಆಗಿರಲಿಲ್ಲ. ಊಟ ಆಯ್ತಾ ಎಂದರೆ "ಹೂಂ". ಪರೀಕ್ಷೆ ಹೇಗಾಯ್ತು ಎಂದರೆ "ಹೂಂ". ಒಂದು ದಿನ ರಟ್ಟಪ್ಪ ಬೇಕೆಂದೇ "ಮನೆಗೆ ಬೆಂಕಿ ಬಿದ್ದಿದೆ ಕಣೇ" ಎಂದು ನೋಡಿದ. ಅದಕ್ಕೂ "ಹೂಂ" ಬಂತು. ಮೊನ್ನೆ ಮೊನ್ನೆಯವರೆಗೆ ಹೆಗಲೇರಿ ಕೂತು ಕಿವಿ ಹಿಂಡಿ ಮಾತಾಡುತ್ತಿದ್ದ ಕೂಸು ಇದೇನಾ ಎಂದು ಅವನು ಮತ್ತೆ ಮತ್ತೆ ಅವಳತ್ತ ನೋಡುತ್ತಿದ್ದ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮಗಳು ಊಟದ ಡಬ್ಬಿ ಕೊಡಲು ಬೈಂಡಿಂಗ್ ಕೋಣೆಗೆ ಬಂದಳು. ಮೇಜಿನ ಮೇಲೆ ಆಗ ಎರಡು ಪುಸ್ತಕಗಳು ಬಿಚ್ಚಿ ಬಿದ್ದಿದ್ದವು. ಒಂದು, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಬರೆದು ಅಚ್ಚುಹಾಕಿಸಿದ 'ಶಿಸ್ತೇ ನನ್ನ ಉಸಿರು' ಎಂಬ ಆತ್ಮಕಥೆ. ತಮ್ಮ ಗಾಜಿನ ಬೀರುವಿನಲ್ಲಿಡಲು ಒಂದು ಪ್ರತಿಗೆ ಕೆಂಪು ಬಟ್ಟೆಯ ಬೈಂಡಿಂಗ್ ಆಗಬೇಕೆಂದು ಕೊಟ್ಟಿದ್ದರು. ಇನ್ನೊಂದು, ಲೈಬ್ರರಿಯ 'ನೆರಳಿಲ್ಲದ ಗ್ರಹ'. ಎರಡು ಸೂರ್ಯರ ಕೆಳಗಿನ ಯಾವುದೋ ಗ್ರಹದಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಯಂತ್ರಗಳ ವಿರುದ್ಧ ಹೋರಾಡುವ ಕಾದಂಬರಿ. ಊರಿನ ಹರೆಯದವರೆಲ್ಲ ಓದಿ ಓದಿ ಅದರ ಬೆನ್ನು ಮುರಿದಿದ್ದರು.

ಮಗಳು ಬಾಗಿಲಲ್ಲೇ ನಿಂತು ಕಣ್ಣರಳಿಸಿದಳು. "ಅಯ್ಯೋ ಅಪ್ಪಾ, ಅದು ನೆರಳಿಲ್ಲದ ಗ್ರಹ ಅಲ್ವಾ? ಹುಷಾರಾಗಿ ಹೊಲಿ, ಅದು ನನಗೆ ತುಂಬಾ ಇಷ್ಟದ್ದು!"

ಇಷ್ಟು ಹೇಳಿ ಹೊರಟುಹೋದಳು. ಆದರೆ ಎಂಥ ಮಾತು! ಎರಡು ಪೂರ್ತಿ ವಾಕ್ಯ! ಅದರಲ್ಲೊಂದು ಪ್ರಶ್ನೆ ಬೇರೆ! ರಟ್ಟಪ್ಪ ಆನಂದದಿಂದ ಸೂಜಿಗೆ ದಾರ ಪೋಣಿಸುವುದರ ಬದಲು ದಾರವನ್ನೇ ಬಾಯಲ್ಲಿ ಜಗಿಯುತ್ತ ಕೂತ. ಆಮೇಲೆ ಎರಡು ಪುಸ್ತಕಗಳನ್ನೂ ಹಾಡು ಗುನುಗುತ್ತಲೇ ಹೊಲಿದು ಮುಗಿಸಿದ. ಕೆಂಪು ಪುಸ್ತಕವನ್ನು ಹೆಡ್‌ಮಾಸ್ತರರಿಗೆ ತಲುಪಿಸಿದ, ಕಾದಂಬರಿಯನ್ನು ಮಾತ್ರ ಲೈಬ್ರರಿಗೆ ಕೊಡದೆ ತನ್ನ ಡ್ರಾಯರಿನಲ್ಲಿಟ್ಟುಕೊಂಡ. ಅದನ್ನು ತಾನೂ ಓದಬೇಕು, ಓದಿ ಮಗಳ ಜೊತೆ ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡಬೇಕು. ಜೀವಮಾನದಲ್ಲಿ ಅವನು ಹಾಕಿಕೊಂಡ ಅತಿ ದೊಡ್ಡ ಯೋಜನೆ ಅದು.

ಓದಲು ಕೂತರೆ ಕೂರುವುದೇ ಆಗಲಿಲ್ಲ. ಒಂದು ಪುಟ ಮೇಜಿನ ಮೇಲೆ, ಒಂದು ಪುಟ ಕಿಟಕಿಯ ಬಳಿ, ಒಂದು ಪುಟ ಮೆಟ್ಟಿಲ ಮೇಲೆ ಎಂದು ಬಾಲ ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡುತ್ತ ಓದಿದ. ಪರವಾಗಿಲ್ಲ, ಕಥೆ ಹಿಡಿಯಿತು. ಹುಡುಗಿ ಗಟ್ಟಿಗಿತ್ತಿ. ಅವಳಿಗೆ ಶಿಸ್ತು ಕಲಿಸುವ ಒಬ್ಬ ಮುದುಕನಿದ್ದ. ಗ್ರಹದವರೆಲ್ಲ ಅವನನ್ನು 'ಹಿರಿಯ' ಎನ್ನುತ್ತಿದ್ದರು. ನೂರ ಎಪ್ಪತ್ತಾರನೆಯ ಪುಟದಲ್ಲಿ ಯಂತ್ರಗಳು ಹುಡುಗಿಯನ್ನು ಗೋಪುರದ ತುದಿಗೆ ಅಟ್ಟಿಕೊಂಡು ಬಂದವು. "ಅವಳು ಕಣ್ಣು ಮುಚ್ಚಿ ಹಾರಿದಳು. ಕೆಳಗೆ ಅವಳಿಗಾಗಿ ಕಾದಿದ್ದದ್ದು" ಎಂಬಲ್ಲಿಗೆ ಪುಟ ಮುಗಿಯಿತು. ರಟ್ಟಪ್ಪ ಅವಸರವಸರವಾಗಿ ಎದುರಿನ ಪುಟಕ್ಕೆ ಹಾರಿದ.

"ಎರಡು ಲೋಟ ಬಿಸಿನೀರು," ಎಂದಿತು ಮುಂದಿನ ಪುಟ. "ಅದನ್ನು ಕುಡಿದು ಇಪ್ಪತ್ತೆರಡು ನಿಮಿಷ ಹಿಂದಕ್ಕೂ ಮುಂದಕ್ಕೂ ನಡೆಯುತ್ತೇನೆ. ಫಲ ದೊರೆಯದಿದ್ದಲ್ಲಿ ಮೂರನೆಯ ಲೋಟ."

ರಟ್ಟಪ್ಪ ಕಣ್ಣುಜ್ಜಿಕೊಂಡ. ಅಕ್ಷರದ ಗಾತ್ರವೂ ಬದಲಾದಂತಿತ್ತು. ಇರಲಿ, ವೈಜ್ಞಾನಿಕ ಕಾದಂಬರಿ, ಗ್ರಹ ಬದಲಾದಾಗ ಅಕ್ಷರವೂ ಬದಲಾಗುತ್ತದೇನೋ ಎಂದು ಸಮಾಧಾನ ಮಾಡಿಕೊಂಡ. ಪುಟದ ಕೆಳಗೆ ನೋಡಿದ, ನೂರ ಎಪ್ಪತ್ತೇಳು. ಅಂಕಿ ಸರಿಯಾಗಿದೆ! ಅಂದಮೇಲೆ ಇದು ಆ ಹಿರಿಯನದೇ ಮಾತು. ಅಲ್ಲಿಂದ ಹದಿನಾರು ಪುಟ ಆ ಮುದುಕ ತಾನು ನಾಲ್ಕೂ ಮುಕ್ಕಾಲಿಗೆ ಏಳುವುದನ್ನೂ, ಪೆನ್ಸಿಲು ಚೂಪು ಮಾಡುವ ಮೂರು ಕ್ರಮಗಳನ್ನೂ, ತನ್ನ ಮಲಬದ್ಧತೆಯ ಏಳುಬೀಳುಗಳನ್ನೂ ವಿವರಿಸಿದ. ಗೋಪುರದಿಂದ ಹಾರಿದ ಹುಡುಗಿಯ ಸುದ್ದಿಯೇ ಇಲ್ಲ! ನೂರ ತೊಂಬತ್ತೆರಡನೆಯ ಪುಟದ ಕೊನೆಯಲ್ಲಿ ಯಾರೋ ಇನ್‌ಸ್ಪೆಕ್ಟರು "ಸಂತೋಷದಿಂದ ನನ್ನ ಬೆನ್ನು ತಟ್ಟಿದಾಗ" ಎಂದಿತ್ತು. ಮುಂದಿನ ಪುಟದಲ್ಲಿ "ಲೋಹದ ರೆಕ್ಕೆಗಳು ಉರಿದು ಬೂದಿಯಾದವು" ಎಂದಿತ್ತು. ಅಲ್ಲಿಂದಾಚೆಗೆ ಹುಡುಗಿ ಬದುಕಿದ್ದಳು, ಹಿರಿಯ ಸತ್ತಿದ್ದ, ಎಲ್ಲರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಹೇಗೆ ಸತ್ತ ಎಂಬುದನ್ನು ಯಾರೂ ಹೇಳಲಿಲ್ಲ. ಮೂರನೆಯ ಲೋಟವೇ ಕಾರಣವಿರಬೇಕು ಎಂದು ರಟ್ಟಪ್ಪ ಬಗೆದ.

ಜೀವನದಲ್ಲಿ ಮೊದಲ ಬಾರಿಗೆ ಒಂದು ಕಾದಂಬರಿ ಓದಿ ಮುಗಿಸಿದವನಿಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಇದಕ್ಕೇನಾ ಊರೆಲ್ಲ ಮುಗಿಬಿದ್ದಿದ್ದು? ಮೋಸ ಹೋದೆನಲ್ಲಾ ಎಂದು ಮೈಯೆಲ್ಲ ಉರಿದುಹೋಯಿತು.

ಸಂಜೆ ಊಟದ ಮೇಜಿನ ಬಳಿ ಗಂಟಲು ಸರಿಮಾಡಿಕೊಂಡು ಹೇಳಿದ. "ನಿನ್ನ ನೆರಳಿಲ್ಲದ ಗ್ರಹ ಓದಿದೆ ಕಣಮ್ಮ."

ಮಗಳ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. "ನೀನಾ? ಪೂರ್ತಿನಾ? ಹೇಗಿತ್ತಪ್ಪಾ?"

ಇನ್ನೂ ಮೂರು ಮಾತು ಬಂತು! ರಟ್ಟಪ್ಪ ಉಬ್ಬಿಹೋದ. ಉಬ್ಬಿದವನು ಅಲ್ಲಿಗೇ ನಿಲ್ಲಬಹುದಿತ್ತು. "ಏನೋ ಅಂದ್ಕೊಂಡಿದ್ದೆ, ಸಪ್ಪೆ ಕಣೇ. ಮೊದಲೆಲ್ಲ ಪರವಾಗಿಲ್ಲ. ಆದ್ರೆ ಗೋಪುರದಿಂದ ಹಾರಿದ್ಮೇಲೆ ಹದಿನಾರು ಪುಟ ಆ ಮುದುಕ ಕೊರೀತಾನಲ್ಲ, ಅಬ್ಬಬ್ಬಬ್ಬಾ! ಯಾವಾಗ ಸಾಯ್ತಾನೋ ಅನ್ನಿಸಿಬಿಡ್ತು."

ಪಾಪ, ರಟ್ಟಪ್ಪನಿಗೆ ಗೊತ್ತಿರದ ಸಂಗತಿಯೆಂದರೆ, ನಿಜವಾದ ಪುಸ್ತಕದಲ್ಲಿ ಹಿರಿಯ ಪ್ರಾಣ ಕೊಟ್ಟು ಹುಡುಗಿಯನ್ನು ಉಳಿಸುವುದು ಆ ಹದಿನಾರು ಪುಟಗಳಲ್ಲೇ. ಊರಿನ ಹರೆಯದವರೆಲ್ಲ ಕಣ್ಣೀರಿಟ್ಟ ಪುಟಗಳು ಅವು.

"ಮುದುಕನಾ? ಹಿರಿಯರನ್ನ ಮುದುಕ ಅಂತೀಯಾ?" ಮಗಳು ಎದ್ದು ನಿಂತಳು. "ಅವರು ಅಲ್ಲಿ ಅಷ್ಟೊಂದು ಒದ್ದಾಡ್ತಿದ್ರೆ ನಿನಗೆ ಬೋರಾ?"

"ಒದ್ದಾಡ್ತಾನೆ, ಯಾರು ಇಲ್ಲ ಅಂದ್ರು? ಆದ್ರೆ ಅಂಥ ಒದ್ದಾಟ ಎಲ್ರಿಗೂ ಇರುತ್ತೆ. ಅದನ್ನೆಲ್ಲ ಬರ್ಕೊಂಡು ಕೂರ್ತಾರಾ? ಬಾಗಿಲು ಹಾಕ್ಕೊಂಡು ಒದ್ದಾಡ್ಬೇಕಪ್ಪ."

"ನಿನಗೆ ಹೃದಯಾನೇ ಇಲ್ಲ! ಇಡೀ ಕ್ಲಾಸು ಅತ್ತಿದೆ ಆ ಪುಟಕ್ಕೆ!"

"ನನಗೂ ಅಳು ಬಂತು ಕಣೇ, ಟೈಮು ಹಾಳಾಯ್ತಲ್ಲಾ ಅಂತ."

ಕೋಣೆಯ ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಹೆಂಡತಿ ತಲೆಯ ಮೇಲೆ ಕೈ ಹೊತ್ತುಕೊಂಡಳು. "ಅಲ್ರೀ ರಟ್ಟಪ್ಪನೋರೇ, ಚೆನ್ನಾಗಿದೆ ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

ಮರುದಿನದಿಂದ "ಹೂಂ" ಕೂಡ ಬಂದ್ ಆಯಿತು. ಮಗಳು ಏನಿದ್ದರೂ ತಾಯಿಯ ಮೂಲಕ ಹೇಳಿಕಳಿಸತೊಡಗಿದಳು. ಅವನು ಎದುರಿಗೇ ಕೂತಿದ್ದರೂ "ಅಮ್ಮಾ, ಉಪ್ಪು ಈಕಡೆ ತಳ್ಳೋಕೆ ಹೇಳು" ಎನ್ನುತ್ತಿದ್ದಳು. ಒಂದು ವರ್ಷದಿಂದ ಬೈದುಕೊಂಡಿದ್ದ ಆ "ಹೂಂ" ಈಗ ರಟ್ಟಪ್ಪನಿಗೆ ಕೋಗಿಲೆಯ ದನಿಯ ಹಾಗೆ ನೆನಪಾಗುತ್ತಿತ್ತು.

ಸುದ್ದಿ ಲೈಬ್ರರಿಯನ್ನೂ ಮುಟ್ಟಿತು. ಹರೆಯದವರ ದಂಡು ಬೈಂಡಿಂಗ್ ಕೋಣೆಯ ಕಿಟಕಿಗೆ ಬಂದು, ಬೋನಿನಲ್ಲಿರುವ ಪ್ರಾಣಿಯನ್ನು ನೋಡುವ ಹಾಗೆ ಅವನನ್ನು ನೋಡಿ ಹೋಗತೊಡಗಿತು. "ಇವರೇ ಕಣೋ, ಹಿರಿಯರು ಸತ್ತಿದ್ದಕ್ಕೆ ಖುಷಿಪಟ್ಟೋರು." ಅಲ್ಲಿಂದ ನಾಲ್ಕು ಬೀದಿ ದಾಟುವಷ್ಟರಲ್ಲಿ ಸುದ್ದಿ ಬೆಳೆದು ದೊಡ್ಡದಾಗಿತ್ತು. ರಟ್ಟಪ್ಪ ಹಿರಿಯರನ್ನು ಕಂಡರೆ ಕಿಡಿಕಾರುತ್ತಾನೆ, ವಯಸ್ಸಾದವರು ಬೇಗ ಹೋಗಬೇಕು ಅನ್ನುತ್ತಾನೆ ಎಂದು ಕೇಳಿ ಅವನ ಅತ್ತೆ ಎರಡು ಬಸ್ಸು ಹಿಡಿದು ಮನೆಗೆ ಬಂದರು. ಅಳಿಯ ಕೊಟ್ಟ ಟೀಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು.

ಊರಿನಲ್ಲಿ ಖುಷಿಯಾದವರು ಒಬ್ಬರೇ, ನಿವೃತ್ತ ಹೆಡ್‌ಮಾಸ್ತರರು. ಈಗಿನವರು ಓದುವ ಯಾವ ಪುಸ್ತಕವನ್ನು ಕಂಡರೂ ಅವರಿಗೆ ಆಗುತ್ತಿರಲಿಲ್ಲ. ಓಡಿ ಬಂದು ರಟ್ಟಪ್ಪನ ಕೈ ಕುಲುಕಿದರು. "ಭೇಷ್! ನಿಮ್ಮಂಥ ಒಬ್ಬ ವಿಮರ್ಶಕ ಬೇಕಿತ್ತು ಈ ಊರಿಗೆ. ಏನದು, ಮುದುಕನೊಬ್ಬ ಕೊರೀತಾನಂತಲ್ಲ?"

"ಕೊರೆಯೋದಂದ್ರೆ ಅಂತಿಂಥ ಕೊರೆತ ಅಲ್ಲ ಸಾರ್. ತನ್ನ ಬಗ್ಗೆ ತಾನೇ ಹದಿನಾರು ಪುಟ!"

"ಥೂ! ಅಂಥೋರನ್ನ ಸಾಹಿತ್ಯದಿಂದ ಒದ್ದು ಓಡಿಸ್ಬೇಕು ಕಣ್ರೀ. ಆ ಪುಟಗಳನ್ನ ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ. ಜನಕ್ಕೆ ಗೊತ್ತಾಗ್ಲಿ."

ಜಗಳ ತಣ್ಣಗಾಗಲೆಂದು ಲೈಬ್ರೇರಿಯನ್ ಮೇಡಂ ಭಾನುವಾರ ಬೆಳಿಗ್ಗೆ ಚರ್ಚಾಕೂಟ ಇಟ್ಟುಕೊಂಡರು. ಅಧ್ಯಕ್ಷತೆ ಹೆಡ್‌ಮಾಸ್ತರರದು. ವಿರೋಧವಾಗಿ ಮಾತನಾಡುವವರು ಶ್ರೀ ರಟ್ಟಪ್ಪ. ಪರವಾಗಿ ಮಾತನಾಡುವವರು ಉಳಿದ ಎಲ್ಲರೂ.

ರಟ್ಟಪ್ಪ ಮೂರು ದಿನ ಚಡಪಡಿಸಿದ. ರಟ್ಟು ಸೊಟ್ಟಗೆ ಕತ್ತರಿಸಿದ, ಟೀ ಲೋಟದಲ್ಲಿ ಅಂಟಿನ ಕುಂಚ ಅದ್ದಿದ. ಊರು ಏನಾದರೂ ಅಂದುಕೊಳ್ಳಲಿ, ಮಗಳು ಎದುರಿಗೆ ಕೂತು ಆ ಪುಟಗಳನ್ನು ತನ್ನ ಬಾಯಿಂದ ಒಮ್ಮೆ ಕೇಳಿಸಿಕೊಂಡರೆ ಸಾಕು, ಅಪ್ಪ ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾಗುತ್ತದೆ, ಮತ್ತೆ ಮಾತಾಡುತ್ತಾಳೆ. ಆ ಒಂದು ಆಸೆಯೇ ಅವನನ್ನು ಸಭೆಯವರೆಗೆ ನಡೆಸಿಕೊಂಡು ಹೋಯಿತು.

ಓದುವ ಕೋಣೆ ಕಿಕ್ಕಿರಿದಿತ್ತು. ಮಗಳು ಮುಂದಿನ ಸಾಲಿನಲ್ಲಿ, ಗೆಳತಿಯರ ನಡುವೆ, ಕೈಕಟ್ಟಿ ಕೂತಿದ್ದಳು. ಹೆಡ್‌ಮಾಸ್ತರರು ಗಡಿಯಾರ ನೋಡಿ ಮೇಜು ಕುಟ್ಟಿದರು. ರಟ್ಟಪ್ಪ ಎದ್ದ. ಡ್ರಾಯರಿನಿಂದ ತಂದ ಪುಸ್ತಕ ತೆರೆದ. ಗಟ್ಟಿಯಾಗಿ ಓದಲು ಶುರುಮಾಡಿದ. "ಅವಳು ಕಣ್ಣು ಮುಚ್ಚಿ ಹಾರಿದಳು. ಕೆಳಗೆ ಅವಳಿಗಾಗಿ ಕಾದಿದ್ದದ್ದು ಎರಡು ಲೋಟ ಬಿಸಿನೀರು..."

ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ನಾಲ್ಕೂ ಮುಕ್ಕಾಲಿಗೆ ಏಳದವನು ಮನುಷ್ಯನೇ ಅಲ್ಲ. ಪೆನ್ಸಿಲನ್ನು ಎಡದಿಂದ ಬಲಕ್ಕೆ ಹೆರೆಯುವುದು ಉತ್ತಮ, ಬಲದಿಂದ ಎಡಕ್ಕೆ ಮಧ್ಯಮ..."

"ಛೆ ಛೆ, ಎಂಥಾ ಮುದು..." ಎಂದು ಶುರುಮಾಡಿದ ಹೆಡ್‌ಮಾಸ್ತರರು ಅರ್ಧಕ್ಕೇ ನಿಂತರು. ಹುಬ್ಬು ಮೇಲೇರಿತು. ಕಿವಿ ನೆಟ್ಟಗಾಯಿತು. ಮರುಕ್ಷಣ ಕುರ್ಚಿ ಹಿಂದಕ್ಕೆ ಉರುಳಿತು.

"ಕಳ್ಳತನ! ಹಗಲುದರೋಡೆ! ಅದು ನನ್ನ ಬಿಸಿನೀರು! ಆ ಲೇಖಕಿ ನನ್ನ ಬದುಕನ್ನೇ ಕದ್ದು ಯಾವುದೋ ಗ್ರಹಕ್ಕೆ ಸಾಗಿಸಿದ್ದಾಳೆ! ಕೋರ್ಟಿಗೆ ಹೋಗ್ತೀನಿ!"

ಸಭೆ ಗೊಳ್ಳೆಂದಿತು. ಆಗ ಗೋಡೆಯ ಪಕ್ಕ ಕೂತಿದ್ದ ಹೆಡ್‌ಮಾಸ್ತರರ ಹೆಂಡತಿ ನಿಧಾನವಾಗಿ ಎದ್ದರು. ನಲವತ್ತೈದು ವರ್ಷಗಳಲ್ಲಿ ಅವರು ನಾಲ್ಕು ಜನರೆದುರು ಬಾಯಿಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. "ಕೂತ್ಕೊಳ್ರೀ. ಆ ಲೇಖಕಿಯದೂ ನಿಮ್ಮ ಹತ್ರ ಇದೆ. ನಿಮ್ಮ ಕೆಂಪು ಪುಸ್ತಕದಲ್ಲಿ, ಬೆಳಿಗ್ಗೆ ಎದ್ದ ತಕ್ಷಣ ನನ್ನ ಮುಂದೆ ಸಿದ್ಧವಾಗಿರಬೇಕಾದದ್ದು ಬೆಂಕಿಯ ನದಿ ಅಂತಿದೆ. ಇಷ್ಟು ವರ್ಷ ನೀರು ಕಾಯಿಸಿಕೊಟ್ಟೋಳು ನಾನು, ಅದನ್ನೇ ನದಿ ಅಂತ ಹೊಗಳಿದ್ದೀರಿ ಅನ್ಕೊಂಡೆ. ಆಮೇಲೆ ಯಂತ್ರಗಳ ಜೊತೆ ಹೊಡೆದಾಡಿ ಯಾರೋ ಹುಡುಗೀನ ಬದುಕಿಸ್ತೀರಲ್ಲಾ. ಯಾರ್ರೀ ಅವಳು? ಕೇಳೋಣ ಅಂತ ಹದಿನೈದು ದಿನದಿಂದ ಕಾಯ್ತಿದ್ದೀನಿ."

ಹೆಡ್‌ಮಾಸ್ತರರು ಉರುಳಿದ ಕುರ್ಚಿಯನ್ನು ಎತ್ತಿ ಕೂತರು.

"ನಿಜ ಹೇಳ್ಬೇಕಂದ್ರೆ," ಎಂದರು ಆಕೆ ಕೂರುತ್ತ, "ಇಡೀ ಪುಸ್ತಕದಲ್ಲಿ ಅಷ್ಟೇ ಚೆನ್ನಾಗಿರೋದು."

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗದೆ ಇದ್ದವನು ರಟ್ಟಪ್ಪ ಒಬ್ಬನೇ. ಅವನು ಪುಸ್ತಕದ ನಡುವೆ ಕಣ್ಣು ಕೀಲಿಸಿ ನಿಂತಿದ್ದ. ಹನ್ನೆರಡನೆಯ ಫಾರಂ. ಉಳಿದ ಫಾರಂಗಳಿಗಿಂತ ಕಾಗದ ಒಂದು ಚೂರು ಬಿಳಿ ಜಾಸ್ತಿ. ಅದರ ಬೆನ್ನಲ್ಲಿ ಅವನದೇ ದಾರ, ಅವನದೇ ಗಂಟು. ಎರಡೂ ಪುಸ್ತಕದ ಅಳತೆ ಒಂದೇ, ಎರಡಕ್ಕೂ ಅಂಕಿ ನೂರ ಎಪ್ಪತ್ತೇಳೇ.

"ಅಚ್ಚಿನವರ ತಪ್ಪಿರಬೇಕು ಬಿಡಿ," ಎಂದರು ಲೈಬ್ರೇರಿಯನ್ ಮೇಡಂ, ಅವನ ಮುಖ ನೋಡಲಾರದೆ. ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಇಪ್ಪತ್ತಾರು ವರ್ಷದ ಮರ್ಯಾದೆ ಉಳಿಯುತ್ತಿತ್ತು. ಆದರೆ ಮಗಳು ಅವನನ್ನೇ ನೋಡುತ್ತಿದ್ದಳು.

"ಇಲ್ಲ ಮೇಡಂ, ತಪ್ಪು ನಂದು," ಎಂದ ರಟ್ಟಪ್ಪ. "ಫಾರಂ ಅದಲುಬದಲು ಮಾಡಿದ್ದೀನಿ. ಆ ದಿನ ನನ್ನ ಮಗಳು ಬಂದು ಎರಡು ಮಾತಾಡಿದ್ಲು. ಒಂದು ವರ್ಷದಿಂದ ಮಾತಾಡಿರ್ಲಿಲ್ಲ. ಆ ಖುಷೀಲಿ ಕೈ ಎಲ್ಲೆಲ್ಲೋ ಹೋಯ್ತು. ಈ ಪುಸ್ತಕ ಓದಿದ್ದೂ ಅದಕ್ಕೇ, ಅವಳ ಜೊತೆ ಮಾತಾಡೋಕೆ ಏನಾದ್ರೂ ಸಿಗಲಿ ಅಂತ."

ನಗು ನಿಂತಿತು. ಎಲ್ಲರ ಕಣ್ಣೂ ಮುಂದಿನ ಸಾಲಿಗೆ ಹೊರಳಿತು. ಗೆಳತಿಯರ ನಡುವೆ ಮಗಳ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಅವಳು ಎದ್ದು ಯಾರನ್ನೂ ನೋಡದೆ ಹೊರಗೆ ಹೋದಳು. ಮರ್ಯಾದೆಯೂ ಹೋಯಿತು, ಮಗಳೂ ಹೋದಳು, ಇನ್ನೇನು ಉಳಿದಿದೆ ಎಂದು ರಟ್ಟಪ್ಪನಿಗೆ ಅಳುವೇ ಬಂತು.

ಅದೇ ಮಧ್ಯಾಹ್ನ ಅವನು ಕೆಂಪು ಪುಸ್ತಕವನ್ನು ವಾಪಸ್ ತರಿಸಿಕೊಂಡು ಬೈಂಡಿಂಗ್ ಕೋಣೆಯಲ್ಲಿ ಎರಡೂ ಪುಸ್ತಕಗಳ ದಾರ ಕತ್ತರಿಸಿದ. ಹೆಡ್‌ಮಾಸ್ತರರ ಬಿಸಿನೀರನ್ನು ಹೆಡ್‌ಮಾಸ್ತರರಿಗೆ ಸೇರಿಸಿದ. ಗ್ರಹದ ಫಾರಂ ಕೈಯಲ್ಲಿ ಹಿಡಿದು ಸೂಜಿ ಹುಡುಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

"ಎಲ್ರ ಮುಂದೆ ಹೇಳ್ಬೇಕಿತ್ತಾ?" ಎಂದಳು ಮಗಳು.

"ಗೊತ್ತಾಗ್ಲಿಲ್ಲ ಕಣಮ್ಮ. ಬಾಯಿಗೆ ಬಂದ್ಬಿಡ್ತು."

ಅವಳು ಒಳಗೆ ಬಂದಳು. ಕೂರಲಿಲ್ಲ. ಅಂಟಿನ ಡಬ್ಬಿ ಮುಟ್ಟಿದಳು, ಕತ್ತರಿ ಎತ್ತಿ ಇಟ್ಟಳು. "ಹೊಲಿಯೋಕೆ ಮುಂಚೆ ಅದನ್ನ ಓದ್ಬಿಡು. ಈಗ್ಲೇ. ನನ್ನ ಮುಂದೇನೇ."

ರಟ್ಟಪ್ಪ ನಿಂತುಕೊಂಡೇ ಓದಿದ. ಮಗಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಉಗುರು ಕಚ್ಚಿದಳು. "ಎಲ್ಲಿಗೆ ಬಂದೆ?" ಎಂದಳು. "ನದಿಗೆ," ಎಂದ. ಸ್ವಲ್ಪ ಹೊತ್ತಿಗೆ ಮತ್ತೆ, "ಈಗ?" "ಹಿರಿಯರು ಮಾತಾಡ್ತಿದ್ದಾರೆ." ಇನ್ನೂ ಸ್ವಲ್ಪ ಹೊತ್ತಿಗೆ, "ಈಗ?" "ಇನ್ನೂ ಮಾತಾಡ್ತಿದ್ದಾರೆ."

ಓದಿ ಮುಗಿಯಿತು. ಅವಳು ಅವನೆದುರು ಬಂದು ನಿಂತಳು. "ಹೇಗಿತ್ತು?"

ಯಾವ ಉತ್ತರ ಕೊಟ್ಟರೆ ಮನೆಯಲ್ಲಿ ನೆಮ್ಮದಿ ಎಂಬುದು ರಟ್ಟಪ್ಪನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಚೆನ್ನಾಗಿದೆ ಎಂದರೆ "ಹೂಂ" ಆದರೂ ವಾಪಸ್ ಬರುತ್ತಿತ್ತು. ಅವನ ನಾಲಿಗೆಯ ತುದಿಯವರೆಗೆ ಆ ಮಾತು ಬಂದಿತ್ತು. ಆದರೆ ಅಷ್ಟು ಆಸೆಯಿಂದ ಕೇಳುತ್ತಿರುವವಳಿಗೆ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

"ಬೈಬೇಡ ಮಗಳೇ," ಎಂದ. "ಬೋರಾಯ್ತು."

ಬಾಗಿಲು ಧಡಾರೆನ್ನಲಿಲ್ಲ. ಮಗಳು ಅಲ್ಲೇ ಇದ್ದ ಕಾಗದದ ಬಂಡಲಿನ ಮೇಲೆ ಕುಸಿದು ಕೂತಳು.

"ನನಗೂ," ಎಂದಳು.

"ಏನು?"

"ನನಗೂ ಬೋರಾಯ್ತಪ್ಪಾ! ಅಲ್ಲೀತನಕ ಎಷ್ಟು ಚೆನ್ನಾಗಿತ್ತು. ಆದ್ರೆ ಆ ಪುಟಕ್ಕೆ ಎಲ್ರೂ ಅತ್ರು, ನನಗೆ ಅಳುನೇ ಬರ್ಲಿಲ್ಲ. ಕಣ್ಣು ಉಜ್ಕೊಂಡು ಕೆಂಪು ಮಾಡ್ಕೊಂಡೆ. ಎಲ್ರಿಗೂ ಹಿಡಿಸಿದ್ದು ನನಗೆ ಹಿಡಿಸ್ಲಿಲ್ಲ ಅಂದ್ರೆ ನನ್ನಲ್ಲೇ ಏನೋ ಐಬು ಇರ್ಬೇಕು ಅಂತ ಅನ್ಕೊಂಡೆ. ಯಾರ ಹತ್ರ ಹೇಳ್ಲಿ? ನೀನು ಅದನ್ನೇ ಅಂದಾಗ ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ?"

ರಟ್ಟಪ್ಪ ಸ್ಟೂಲು ಎಳೆದುಕೊಂಡು ಅವಳೆದುರಿಗೆ ಕೂತ. ಬಹಳ ದಿನಗಳ ಮೇಲೆ ಮೊದಲ ಬಾರಿಗೆ ಅವನಿಗೆ ಏಳಬೇಕು ಅನ್ನಿಸಲಿಲ್ಲ.

"ಅಲ್ಲ ಕಣೇ, ಬೆನ್ನಲ್ಲಿ ಲೋಹದ ರೆಕ್ಕೆ ಬಚ್ಚಿಟ್ಟಿದ್ಲಂತೆ! ಮೊದಲಿಂದ ಎಷ್ಟು ಸಲ ಅಂಗಾತ ಮಲಗಿದ್ದಾಳೆ, ಒತ್ತಲಿಲ್ವಾ ಅವಳಿಗೆ?"

"ಅದೇ ಮತ್ತೆ! ಆ ಹಿರಿಯ ಬೇರೆ, ಕಾಲಿಗೆ ಬೆಂಕಿ ಹತ್ಕೊಂಡಿದೆ, ನಾಲ್ಕು ಪುಟ ಭಾಷಣ!"

"ಹಾರು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಪ್ಪ, ಇಬ್ರೂ ಬದುಕ್ಕೋತಿದ್ರು!"

"ಬದುಕ್ಕೊಂಡಿದ್ರೆ ಎರಡನೇ ಭಾಗ ಹೇಗೆ ಬರುತ್ತಪ್ಪಾ? ಅಲ್ಲಿ ಇನ್ನೂ ಮಜಾ ಇದೆ ಕೇಳು..."

ಮೇಜು ಕುಟ್ಟಿ ಕುಟ್ಟಿ ಮಾತಾಡುತ್ತಿದ್ದ ಇಬ್ಬರ ದನಿಯೂ ಬೀದಿಗೆ ಕೇಳುತ್ತಿತ್ತು. ಊಟಕ್ಕೆ ಕಾದು ಕಾದು ಹುಡುಕಿಕೊಂಡು ಬಂದ ಹೆಂಡತಿ ಗಾಬರಿಯಿಂದ ಬಾಗಿಲು ತಳ್ಳಿದಳು. "ಅಯ್ಯೋ ದೇವರೇ, ಇನ್ನೂ ಮುಗಿದಿಲ್ವಾ ನಿಮ್ಮ ಜಗಳ?"

"ಈಗ ತಾನೇ ಶುರುವಾಗಿದೆ," ಎಂದಳು ಮಗಳು. "ಬಾಗಿಲು ಹಾಕ್ಕೊಂಡು ಹೋಗಮ್ಮ."